ಶ್ರೀ ಜಯಚಾಮರಾಜ ಒಡೆಯರೂ ರಷ್ಯದ ಪಿಯಾನೋವಾದಕನೂ

ಶ್ರೀ ಜಯಚಾಮರಾಜ ಒಡೆಯರ ಹೆಸರನ್ನು ಕೇಳಿದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಮೈಸೂರಿನ ದಸರಾ ಅಂಬಾರಿ. ಸಂಗೀತದ ಗಂಧವುಳ್ಳವರಿಗಾದರೆ ‘ಶ್ರೀವಿದ್ಯಾ’ ಅಂಕಿತದ ಕೃತಿಗಳು ನೆನಪಾಗಬಹುದು. ಅಠಾಣ ರಾಗದಲ್ಲಿ ಅವರು ಗಣಪತಿಯ ಮೇಲೆ ರಚಿಸಿರುವ ಕೃತಿಯನ್ನು ಒಮ್ಮೆಯಾದರೂ ಕೇಳದವರು ನಮ್ಮ ಜಿಲ್ಲೆಯಲ್ಲಿ ವಿರಳ. ಆದರೆ ಇದೇ ಅರಸರ ಹೆಸರು ಪಾಶ್ಚಾತ್ಯ ದೇಶಗಳ ಪಿಯಾನೋ ರಸಿಕರಿಗೆ ಬೇರೊಂದು ಕಾರಣದಿಂದ ಪರಿಚಿತವಾಗಿದೆ. ಮುಪ್ಪಿನಲ್ಲಿ ಬಡತನ, ರೋಗಗಳಿಂದ ಬಳಲುತ್ತಿದ್ದ ರಷ್ಯದ ಒಬ್ಬ ಮಹಾ ಪಿಯಾನೋವಾದಕನ ಕೈಬೆರಳುಗಳ ನಾದವು ಇಂದಿಗೂ ಉಳಿದಿದ್ದರೆ ಅದಕ್ಕೆ ಬಹುಮಟ್ಟಿಗೆ ಕಾರಣರು ಮೈಸೂರಿನ ಮಹಾರಾಜರು. ಅರಸರ ಜೀವನದ ಈ ಒಂದು ಮುಖವನ್ನು ಕುರಿತು ನಾಲ್ಕು ಮಾತು ಬರೆಯುವುದು ನನ್ನ ಉದ್ದೇಶ. ಉಳಿದ ಸಂಗತಿಗಳು ಚರಿತ್ರೆಯ ಪುಸ್ತಕಗಳಲ್ಲಿ ಬೇಕಾದಷ್ಟು ಸಿಗುತ್ತವೆ.

ಅವರು ಹುಟ್ಟಿದ್ದು 1919ರ ಜುಲೈ 18ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು. ತಾಯಿ ಕೆಂಪು ಚೆಲುವಾಜಮ್ಮಣ್ಣಿಯವರು. ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರು ಆಗ ಸಿಂಹಾಸನದಲ್ಲಿದ್ದರು. ಅವರ ಕಾಲದ ಅರಮನೆಯ ಸಂಗೀತವೈಭವವನ್ನು ಎಷ್ಟು ಹೇಳಿದರೂ ಕಡಿಮೆಯೇ. ಒಂದು ಕಡೆ ವೀಣೆಯ ವಿದ್ವಾಂಸರು, ಮೈಸೂರು ವಾಸುದೇವಾಚಾರ್ಯರಂಥ ವಾಗ್ಗೇಯಕಾರರು. ಇನ್ನೊಂದು ಕಡೆ ಪಾಶ್ಚಾತ್ಯ ವಾದ್ಯಗಳ ಅರಮನೆ ಬ್ಯಾಂಡು. ಒಂದೇ ಸೂರಿನಡಿಯಲ್ಲಿ ಪೂರ್ವ ಪಶ್ಚಿಮಗಳೆರಡೂ ಶ್ರುತಿಗೂಡಿಸುತ್ತಿದ್ದುವು. ಅಂಥ ಮನೆಯಲ್ಲಿ ಬೆಳೆದ ಹುಡುಗನು ವೀಣೆಯನ್ನು ಮೀಟಿದ ಬೆರಳಿನಿಂದಲೇ ಪಿಯಾನೋವನ್ನೂ ನುಡಿಸಲು ಕಲಿತನೆಂದರೆ ಆಶ್ಚರ್ಯವಿಲ್ಲ. ಅವರ ಸಹೋದರಿ ವಿಜಯಾದೇವಿಯವರೂ ಪಿಯಾನೋವನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದವರು.

1938ರಲ್ಲಿ ರಾಜಕುಮಾರರು ಮೈಸೂರಿನ ಮಹಾರಾಜಾ ಕಾಲೇಜಿನಿಂದ ಪದಕಗಳೊಡನೆ ಪದವಿ ಪಡೆದರು. ಮರುವರ್ಷ ತಂದೆಯೊಡನೆ ಯೂರೋಪಿನ ಪ್ರವಾಸ. ಪಿಯಾನೋವಾದಕರಾಗಿ ಸಭೆಗಳಲ್ಲಿ ನುಡಿಸಬೇಕೆಂಬ ಹಂಬಲ ಅವರಿಗಿತ್ತು. ಇದು ಶ್ರೀಮಂತರ ಮನೆಯ ಹುಡುಗನ ವಿನೋದವಾಗಿರಲಿಲ್ಲವೆಂಬುದಕ್ಕೆ ಮುಂದಿನ ಸಾಕ್ಷಿಯಿದೆ: ಅವರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಆದರು, 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ಗೌರವ ಫೆಲೋ ಆಗಿ ಆರಿಸಿತು. ಆದರೆ ಅಷ್ಟರೊಳಗೆ ವಿಧಿಯು ಬೇರೆಯೇ ಬಗೆದಿತ್ತು. 1940ರ ಮಾರ್ಚಿಯಲ್ಲಿ ಯುವರಾಜರು ಮುಂಬಯಿಯಲ್ಲಿ ತೀರಿಕೊಂಡರು. ಆ ಶೋಕವಾರುವ ಮುನ್ನವೇ, ಆಗಸ್ಟ್ 3ರಂದು, ನಾಲ್ವಡಿಯವರೂ ಕಾಲವಾದರು. ಸೆಪ್ಟೆಂಬರಿನಲ್ಲಿ ಪಟ್ಟಾಭಿಷೇಕ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅಂದರೆ ನಮ್ಮ ಕೊನೆಯ ವರ್ಷದ ಬಿ.ಎ. ವಿದ್ಯಾರ್ಥಿಯ ವಯಸ್ಸಿನಲ್ಲಿ, ಅವರ ಹೆಗಲ ಮೇಲೆ ಒಂದು ಸಂಸ್ಥಾನ ಬಿದ್ದಿತು. ಕಛೇರಿಯ ವೇದಿಕೆಯ ಆಸೆ ಅಲ್ಲಿಗೆ ಮುಗಿಯಿತು. ಸಿಂಹಾಸನ ಸಿಕ್ಕಿದ್ದನ್ನು ಭಾಗ್ಯವೆಂದೇ ಎಲ್ಲರೂ ಹೇಳುತ್ತಾರೆ. ಅದರ ಬೆಲೆಯನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಈಗ ಕಥೆಯನ್ನು ರಷ್ಯಕ್ಕೆ ಕೊಂಡೊಯ್ಯಬೇಕು. ನಿಕೊಲಾಯ್ ಮೆಟ್ನರ್ ಎಂಬುವನು 1880ರ ಜನವರಿಯಲ್ಲಿ ಮಾಸ್ಕೋ ನಗರದಲ್ಲಿ ಜನಿಸಿದನು. ಅಲ್ಲಿಯ ಸಂಗೀತ ವಿದ್ಯಾಲಯದಲ್ಲಿ ಕಲಿತು, 1900ರಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿದನು. ಎಲ್ಲರೂ ಇವನು ದೊಡ್ಡ ವಾದಕನಾಗಿ ದೇಶ ಸುತ್ತುವನೆಂದು ಎಣಿಸಿದ್ದರು; ಇವನೋ ರಚನೆಯ ಕಡೆ ತಿರುಗಿದನು. ಮೂರು ಕಾನ್ಚೆರ್ಟೋಗಳು, ಹದಿನಾಲ್ಕು ಪಿಯಾನೋ ಸೊನಾಟಗಳು, ನೂರಕ್ಕೂ ಮಿಕ್ಕ ಗೀತೆಗಳು ಇವನ ಲೇಖನಿಯಿಂದ ಬಂದುವು. ಇವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದವು ‘ಸ್ಕಾಜ್ಕಿ’ ಎಂಬ ಪುಟ್ಟ ರಚನೆಗಳು. ಆ ರಷ್ಯನ್ ಮಾತಿಗೆ ಜನಪದ ಕಥೆಗಳೆಂದು ಅರ್ಥ. ಅಜ್ಜಿಕತೆಗಳೆಂದರೆ ಇನ್ನೂ ಹತ್ತಿರವಾದೀತು. ಮಳೆಗಾಲದ ರಾತ್ರಿ ಕಳಸದ ಕಡೆಯ ಮನೆಗಳಲ್ಲಿ ಒಲೆಯ ಮುಂದೆ ಕುಳಿತು ಹೇಳುತ್ತಿದ್ದ ಕಥೆಗಳಂತೆಯೇ ಇವೂ ಸಣ್ಣವು, ಸ್ವಲ್ಪ ಭಯ ಹುಟ್ಟಿಸುವಂಥವು. ಕಥೆ ಏನೆಂಬುದನ್ನು ಮಾತ್ರ ಅವನು ಹೇಳುವುದಿಲ್ಲ, ಹೇಳುವ ಧಾಟಿಯನ್ನಷ್ಟೇ ಕೇಳಿಸುತ್ತಾನೆ.

ಕಾವ್ಯದಲ್ಲಿ ರಮ್ಯ ಪಂಥವೆಂದರೇನೆಂದು ನಾವು ತರಗತಿಯಲ್ಲಿ ಓದಿದ್ದೇವೆ. ಸಂಗೀತದಲ್ಲಿಯೂ ಹಾಗೆಯೇ ಒಂದು ಪಂಥವಿತ್ತು. ಹತ್ತೊಂಬತ್ತನೆಯ ಶತಮಾನದ ಷೋಪಾನ್, ಶೂಮನ್, ಲಿಸ್ಟ್ ಮೊದಲಾದವರು ಪಿಯಾನೋವನ್ನು ಮನುಷ್ಯನ ಅಂತರಂಗದ ವಾಣಿಯನ್ನಾಗಿ ಮಾಡಿದರು. ಮೆಟ್ನರನು ಆ ದಾರಿಯ ಕೊನೆಯ ಪಯಣಿಗರಲ್ಲೊಬ್ಬ. ಅವನು ಬೆಳೆಯುವ ಹೊತ್ತಿಗೆ ಯೂರೋಪಿನಲ್ಲಿ ಹೊಸ ಗಾಳಿ ಬೀಸತೊಡಗಿತ್ತು. ಅವನು ಅದಕ್ಕೆ ತಲೆಬಾಗಲಿಲ್ಲ. 1935ರಲ್ಲಿ ನವ್ಯರನ್ನು ಖಂಡಿಸಿ ಒಂದು ಪುಸ್ತಕವನ್ನೇ ಪ್ರಕಟಿಸಿದನು. ಈ ಹಟದಲ್ಲಿ ಅವನು ಪೂರ್ತಿ ಸರಿಯಿದ್ದನೆಂದು ನಾನು ಹೇಳಲಾರೆ. ಆದರೆ ಹಟದ ಫಲವನ್ನು ಅವನೇ ಉಂಡನು. 1921ರಲ್ಲಿ ತಾಯ್ನಾಡನ್ನು ಬಿಟ್ಟು ಜರ್ಮನಿ, ಫ್ರಾನ್ಸುಗಳಲ್ಲಿ ಅಲೆದು, 1930ರ ದಶಕದ ನಡುವೆ ಲಂಡನ್ನಿನಲ್ಲಿ ನೆಲೆಸಿದನು. ಪರಮಮಿತ್ರನಾದ ರಖ್ಮಾನಿನೋವ್ ಮತ್ತೆ ಮತ್ತೆ ನೆರವಾಗುತ್ತಿದ್ದನು. ಈ ಇಬ್ಬರು ತಮ್ಮ ಕಾನ್ಚೆರ್ಟೋಗಳನ್ನು ಪರಸ್ಪರ ಅರ್ಪಿಸಿಕೊಂಡಿದ್ದಾರೆ. ಎರಡನೆಯ ಮಹಾಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು. 1942ರಲ್ಲಿ ಹೃದಯಾಘಾತ. 1943ರಲ್ಲಿ ರಖ್ಮಾನಿನೋವ್ ಅಮೆರಿಕದಲ್ಲಿ ತೀರಿಕೊಂಡನು. ಬಾಂಬುಗಳಿಗೆ ಹೆದರಿ ಲಂಡನ್ ಬಿಟ್ಟಿದ್ದ ಮೆಟ್ನರ್ ದಂಪತಿಗಳಿಗೆ ಎಡ್ನಾ ಐಲ್ಸ್ ಎಂಬ ಪಿಯಾನೋವಾದಕಿ ಹಳ್ಳಿಯ ತನ್ನ ಮನೆಯಲ್ಲಿ ಆಶ್ರಯ ಕೊಟ್ಟಳು. ಅವನ ಮೂರನೆಯ ಕಾನ್ಚೆರ್ಟೋ ಸಿದ್ಧವಾದುದು ಆ ದಿನಗಳಲ್ಲಿ. ಲೆರ್ಮೊಂಟೊವ್ ಕವಿಯ ಜಲಕನ್ಯೆಯ ಕವನದಿಂದ ಸ್ಫೂರ್ತಿ ಪಡೆದ ಅದರ ಮೂರು ಭಾಗಗಳೂ ನಡುವೆ ನಿಲ್ಲದೆ ಒಂದರೊಳಗೊಂದು ಹರಿಯುತ್ತವೆ.

ಹೀಗಿರಲು ಸಹಾಯವು ಮೈಸೂರಿನಿಂದ ಬಂದಿತು. ಮಹಾರಾಜರು ತಮ್ಮ ಲಂಡನ್ನಿನ ಪ್ರತಿನಿಧಿಯ ಮೂಲಕ, ಮೆಟ್ನರನ ರಚನೆಗಳನ್ನು ಅವನಿಂದಲೇ ನುಡಿಸಿ ಧ್ವನಿಮುದ್ರಿಸುವ ಖರ್ಚನ್ನು ತಾವು ಹೊರುವುದಾಗಿ ತಿಳಿಸಿದರು. ಇದಕ್ಕಾಗಿ ‘ಮೆಟ್ನರ್ ಸೊಸೈಟಿ’ ಹುಟ್ಟಿತು, ಎಚ್.ಎಂ.ವಿ. ಕಂಪೆನಿಯವರು ತಟ್ಟೆಗಳನ್ನು ಮೂರು ಸಂಪುಟಗಳಾಗಿ ಹೊರತಂದರು. ಮೂರು ಕಾನ್ಚೆರ್ಟೋಗಳೂ 1947ರಲ್ಲಿ ಫಿಲ್‌ಹಾರ್ಮೋನಿಯ ವಾದ್ಯವೃಂದದೊಡನೆ ಮುದ್ರಿತವಾದುವು. ಮೊದಲನೆಯದನ್ನು ಜಾರ್ಜ್ ವೆಲ್ಡನ್, ಉಳಿದೆರಡನ್ನು ಇಸ್ಸಾಯ್ ಡೊಬ್ರೊವೆನ್ ನಿರ್ದೇಶಿಸಿದರು. ಬಿಡಿ ರಚನೆಗಳೂ ಗೀತೆಗಳೂ ಸೇರಿದುವು. 1950ರಲ್ಲಿ ಕೆಲವು ಗೀತೆಗಳನ್ನು ಎಲಿಸಬೆತ್ ಶ್ವಾರ್ಟ್ಸ್‌ಕಾಫ್ ಹಾಡಿದಳು; ಪಿಯಾನೋದ ಮುಂದೆ ಕುಳಿತವನು ಎಪ್ಪತ್ತು ವರ್ಷದ ಮೆಟ್ನರನೇ. ಕೃತಜ್ಞತೆಯಿಂದ ಅವನು ಮೂರನೆಯ ಕಾನ್ಚೆರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದನು.

ಆ ಮುದ್ರಣವೆಂದರೆ ಏನು ಶ್ರಮವೆಂಬುದು ಇಂದು ಜೇಬಿನಲ್ಲಿ ಸಾವಿರ ಹಾಡುಗಳನ್ನಿಟ್ಟುಕೊಂಡು ತಿರುಗುವ ನಮಗೆ ತಿಳಿಯದು. ನಿಮಿಷಕ್ಕೆ 78 ಸುತ್ತು ತಿರುಗುವ ಹನ್ನೆರಡು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುವುದು ನಾಲ್ಕು, ನಾಲ್ಕೂವರೆ ನಿಮಿಷ. ಅರ್ಧ ಗಂಟೆಗೂ ಮೀರಿದ ಕಾನ್ಚೆರ್ಟೋವನ್ನು ಎಂಟೊಂಬತ್ತು ತುಂಡು ಮಾಡಬೇಕು. ನಡುವೆ ಒಂದು ಸ್ವರ ತಪ್ಪಿದರೆ ಅದನ್ನೊಂದನ್ನೇ ತಿದ್ದುವಂತಿಲ್ಲ. ಆ ಮಗ್ಗುಲನ್ನೆಲ್ಲ ಮೊದಲಿಂದ ನುಡಿಸಬೇಕು. ನಿಲ್ಲದೆ ಹರಿಯಬೇಕಾದ ಸಂಗೀತವನ್ನು ನಿಲ್ಲಿಸಿ ನಿಲ್ಲಿಸಿ ನುಡಿಸಿ, ಮತ್ತೆ ಅದೇ ಆವೇಶವನ್ನು ಎತ್ತಿಕೊಳ್ಳಬೇಕು. ಇದನ್ನು ಮಾಡಿದವನು ಒಮ್ಮೆ ಹೃದಯಾಘಾತಕ್ಕೆ ತುತ್ತಾದ ಮುದುಕ. ಇಷ್ಟಾದರೂ ಆ ತಟ್ಟೆಗಳಲ್ಲಿ ದಣಿವು ಕೇಳಿಸುವುದಿಲ್ಲ. ಎಡಗೈ ದೃಢವಾಗಿ ತಾಳ ಹಿಡಿದಿರುತ್ತದೆ. ಬಲಗೈ ಅದರ ಮೇಲೆ ಮಾತನಾಡುವಂತೆ ಸ್ವಲ್ಪ ತಡೆಯುತ್ತದೆ, ಸ್ವಲ್ಪ ಮುಂದೋಡುತ್ತದೆ. ಕಣ್ಣೀರಿಳಿಸುವ ಆಡಂಬರ ಎಲ್ಲಿಯೂ ಇಲ್ಲ. ರಮ್ಯ ಸಂಗೀತವೆಂದರೆ ಭಾವಾತಿರೇಕವೆಂದು ತಿಳಿದವರು ಇದನ್ನು ಕೇಳಬೇಕು.

ಮೂಡಿಗೆರೆಯ ಕಡೆ ಹಳೆಯ ತೋಟದ ಬಂಗಲೆಯೊಂದರಲ್ಲಿ ನಾನು ಒಂದು ಪಿಯಾನೋ ನೋಡಿದ್ದೇನೆ. ದೊರೆಗಳು ಬಿಟ್ಟುಹೋದದ್ದಂತೆ. ನಮ್ಮ ಮಳೆಗಾಲಕ್ಕೆ ಅದರ ಮರ ಉಬ್ಬಿ, ಒಳಗಿನ ಉಣ್ಣೆ ಬೂಷ್ಟು ಹಿಡಿದು, ಒತ್ತಿದ ಮನೆ ಮೇಲೇಳುತ್ತಿರಲಿಲ್ಲ. ಪಕ್ಕದ ಕಪಾಟಿನಲ್ಲಿದ್ದ ಅರಗಿನ ತಟ್ಟೆಗಳ ಮೇಲೆಯೂ ಬಿಳಿಯ ಬೂಷ್ಟು. ವಾದ್ಯಕ್ಕೂ ಮುದ್ರಿಕೆಗೂ ನಮ್ಮ ಬೆಟ್ಟಗಳಲ್ಲಿ ಆಯುಸ್ಸು ಕಡಿಮೆ. ಮೆಟ್ನರನ ತಟ್ಟೆಗಳಿಗೂ ಇದೇ ಗತಿಯಾಗಬಹುದಾಗಿತ್ತು. ನೀಳಕಾಲದ ತಟ್ಟೆಗಳು ಬಂದಾಗ ಹಳೆಯವನ್ನು ಕೇಳುವವರೇ ಇಲ್ಲವಾದರು. ಅದೃಷ್ಟವಶಾತ್ ಅವು ಮುಂದೆ ಸಿ.ಡಿ.ಗಳಾಗಿ ಮತ್ತೆ ಬಂದಿವೆ.

ಮೆಟ್ನರನೊಬ್ಬನಿಗೇ ಅರಸರ ಔದಾರ್ಯ ಮುಗಿಯಲಿಲ್ಲ. ವಾಲ್ಟರ್ ಲೆಗ್ ಎಂಬುವನು 1945ರಲ್ಲಿ ಕಟ್ಟಿದ ಫಿಲ್‌ಹಾರ್ಮೋನಿಯ ವಾದ್ಯವೃಂದಕ್ಕೆ ಹಣದ ಮುಗ್ಗಟ್ಟಿತ್ತು. ಅವನು ಮೈಸೂರಿಗೆ ಬಂದು ಅರಸರ ಅತಿಥಿಯಾಗಿದ್ದನು. ಅರಮನೆಯ ಮುದ್ರಿಕೆಗಳ ಭಂಡಾರವನ್ನೂ ಪಿಯಾನೋಗಳನ್ನೂ ಕಂಡು ಬೆರಗಾದುದನ್ನು ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಡಲು ಮಹಾರಾಜರು ಒಪ್ಪಿದರೆಂದೂ ಅವನೇ ಹೇಳಿದ್ದಾನೆ. ಆಗಿನ ದರದಲ್ಲಿ ಅದು ವರ್ಷಕ್ಕೆ ಒಂದು ಲಕ್ಷ ಮೂವತ್ತು ಸಾವಿರ ರೂಪಾಯಿಗೂ ಮೀರಿದ ಮೊತ್ತ. ಲಂಡನ್ನಿನ ಫಿಲ್‌ಹಾರ್ಮೋನಿಯ ಸಂಗೀತಸಭೆಯ ಮೊದಲ ಅಧ್ಯಕ್ಷರು ಮೈಸೂರಿನ ಮಹಾರಾಜರೇ. 1950ರ ಮೇ 22ರಂದು ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಗೀತೆಗಳು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬಂದುದೂ ಅರಸರ ಧನಸಹಾಯದಿಂದ. ಹಾಡಿದವಳು ಕರ್ಸ್ಟೆನ್ ಫ್ಲಾಗ್‌ಸ್ಟಾಡ್, ನಿರ್ದೇಶಿಸಿದವನು ಫುರ್ಟ್‌ವೆಂಗ್ಲರ್. ಹಣ ಕೊಟ್ಟ ಅರಸರು ಆ ಸಭೆಯಲ್ಲಿರಲಿಲ್ಲ. ಅದರ ಮುದ್ರಿಕೆಯನ್ನು ಅವರಿಗಾಗಿ ಮಾಡಿಸಿ ಮೈಸೂರಿಗೆ ಕಳುಹಿಸಲಾಯಿತು.

ಇದನ್ನೆಲ್ಲ ನಾನು ಹೇಳಿದಾಗ ಗೆಳೆಯನೊಬ್ಬನು ನೇರವಾಗಿಯೇ ಕೇಳಿದನು: 1947ರಲ್ಲಿ ಸಂಸ್ಥಾನದ ಸ್ಥಿತಿ ಏನಿತ್ತು? ಪ್ರಶ್ನೆ ನ್ಯಾಯವಾದುದು. ಆ ಆಗಸ್ಟಿನಲ್ಲಿ ಅರಸರು ಭಾರತದೊಡನೆ ಸೇರುವ ಪತ್ರಕ್ಕೆ ಸಹಿ ಮಾಡಿದರು. ಆದರೆ ಜವಾಬ್ದಾರಿ ಸರ್ಕಾರ ತಡವಾಯಿತು. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಎದ್ದಿತು. ವಿದ್ಯಾರ್ಥಿಗಳು ತರಗತಿಗಳನ್ನು ಬಿಟ್ಟು ಸೆರೆಮನೆಗಳನ್ನು ತುಂಬಿದರು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದ ಮೇಲೆಯೇ ಶಾಂತಿ. ಅದೇ ವರ್ಷ ಲಂಡನ್ನಿನಲ್ಲಿ ಮೈಸೂರಿನ ಹಣದಿಂದ ರಷ್ಯದವನೊಬ್ಬನ ಕಾನ್ಚೆರ್ಟೋಗಳು ತಟ್ಟೆಗಿಳಿಯುತ್ತಿದ್ದುವು. ಅರಸರ ಸ್ವಂತ ಹಣವೆಂದರೂ ಅದರ ಬೇರು ಪ್ರಜೆಗಳ ಕಂದಾಯದಲ್ಲಿಯೇ ಇತ್ತು. ಆಗಿನ ಕಡೂರು ಜಿಲ್ಲೆ, ಅಂದರೆ ನಮ್ಮ ಈ ಚಿಕ್ಕಮಗಳೂರು ಸೀಮೆಯ ಕಾಫಿ ಅಡಿಕೆಗಳ ಬೆವರೂ ಅದರಲ್ಲಿ ಸೇರಿತ್ತು. ಆ ಹಣದಲ್ಲಿ ಈ ಬೆಟ್ಟಗಳಿಗೆ ಎರಡು ಶಾಲೆಗಳಾಗುತ್ತಿದ್ದುವೆಂದು ಯಾರಾದರೂ ಹೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆದರೂ ನನ್ನ ಮನಸ್ಸು ಅರಸರ ಕಡೆಗೇ ವಾಲುತ್ತದೆ. ಸಂಸ್ಥಾನಗಳ ಹಣ ಕುದುರೆ, ಮೋಟಾರು, ಮುತ್ತಿನ ಹಾರಗಳಿಗೆ ಹರಿದ ಕಾಲ ಅದು. ಇವರು ಕೊಂಡದ್ದು ತಮ್ಮ ಕೈತಪ್ಪಿದ ಬಾಳನ್ನು, ಅದೂ ಇನ್ನೊಬ್ಬನಿಗಾಗಿ. ತಾವು ಏರಲಾಗದ ವೇದಿಕೆಯ ಮೇಲೆ, ಬೇಗನೆ ಕಣ್ಮರೆಯಾಗಲಿದ್ದ ಒಬ್ಬನನ್ನು ಕೂರಿಸಿದರು. ಅಂಥ ಮುದುಕನೊಬ್ಬನಿದ್ದಾನೆಂದು ಲಂಡನ್ನಿನ ಧನಿಕರಿಗೆ ತೋಚಿರಲಿಲ್ಲ.

ಮೆಟ್ನರನು 1951ರ ನವೆಂಬರ್ 13ರಂದು ತೀರಿಕೊಂಡನು. ಅವನ ಹೆಂಡತಿ ಅನ್ನಾ 1958ರಲ್ಲಿ ಮಾಸ್ಕೋಗೆ ಮರಳಿದಳು. ಮರುವರ್ಷದಿಂದ 1963ರವರೆಗೆ ಅವನ ಸಮಗ್ರ ಕೃತಿಗಳು ಅಲ್ಲಿ ಹನ್ನೆರಡು ಸಂಪುಟಗಳಲ್ಲಿ ಅಚ್ಚಾದುವು.

ಮಹಾರಾಜರ ಮುಂದಿನ ಬಾಳು ಎಲ್ಲರಿಗೂ ತಿಳಿದದ್ದೇ. 1950ರಿಂದ ರಾಜಪ್ರಮುಖರು, 1956ರಿಂದ ಮೈಸೂರಿನ ರಾಜ್ಯಪಾಲರು, 1964ರಿಂದ ಎರಡು ವರ್ಷ ಮದರಾಸಿನ ರಾಜ್ಯಪಾಲರು. ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತಿದ್ದ ಅವರು ರಚಿಸಿದ ಕೃತಿಗಳು 94. ಅನೇಕವು ಅಪೂರ್ವ ರಾಗಗಳಲ್ಲಿವೆ. ಹೆಚ್ಚಿನವು 1940ರ ದಶಕದ ನಡುವಿನ ವರ್ಷಗಳಲ್ಲಿ ಹುಟ್ಟಿದವು. ಅಂದರೆ ಮೆಟ್ನರನ ಕಾಲ ಮತ್ತು ಶ್ರೀವಿದ್ಯೋಪಾಸನೆಯ ಕಾಲ ಹೆಚ್ಚುಕಡಿಮೆ ಒಂದೇ. ಪಿಯಾನೋ ಬಿಟ್ಟು ವೀಣೆಗೆ ಬಂದರೆಂದು ಕೆಲವರು ಬರೆಯುವುದುಂಟು. ನನಗೆ ಹಾಗೆ ತೋರುವುದಿಲ್ಲ. ಎರಡನ್ನೂ ಎರಡು ಕೈಯಂತೆ ಇಟ್ಟುಕೊಂಡಿದ್ದರು. 1974ರ ಸೆಪ್ಟೆಂಬರ್ 23ರಂದು ಬೆಂಗಳೂರಿನಲ್ಲಿ ಅವರು ಕಾಲವಾದರು.

ಕೇಳಬಯಸುವ ಸಹಪಾಠಿಗಳಿಗೆ ಒಂದು ಸೂಚನೆ. ಮೊದಲೇ ಕಾನ್ಚೆರ್ಟೋಗೆ ಕೈಹಾಕಬೇಡಿರಿ. ಮೆಟ್ನರನ ಇಪ್ಪತ್ತಾರನೆಯ ಕೃತಿಸಂಖ್ಯೆಯ ಮೂರನೆಯ ಸ್ಕಾಜ್ಕ ಸಣ್ಣದು, ಒಂದು ಮಗ್ಗುಲಿನದು. ಅವನೇ ನುಡಿಸಿದ್ದನ್ನು ಹುಡುಕಿಕೊಳ್ಳಿರಿ. ಹಳೆಯ ತಟ್ಟೆಯ ಕರಕರ ಸದ್ದು ಹೆಂಚಿನ ಮೇಲೆ ಜಡಿಮಳೆ ಬಿದ್ದಂತೆ ಮೊದಲು ಕೇಳಿಸುತ್ತದೆ; ನಾಲ್ಕೈದು ಸ್ವರ ಕಳೆಯುವುದರೊಳಗೆ ಕಿವಿ ಅದನ್ನು ಬದಿಗೆ ಸರಿಸುತ್ತದೆ. ಅದು ಹಿಡಿಸಿದರೆ, ಮಹಾರಾಜರಿಗೆ ಅರ್ಪಿತವಾದ ಮೂರನೆಯ ಕಾನ್ಚೆರ್ಟೋಗೆ ಒಂದು ಬಿಡುವಿನ ಸಂಜೆಯನ್ನು ಮೀಸಲಿಡಿರಿ.