ಡಾಕ್ಟರ್ ಆಂಡ್ರೂ ಬೆಲ್ಲರೂ ನಮ್ಮ ಕೂಲಿಮಠಗಳೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸೀಮೆಗಳಲ್ಲಿ ಹಿಂದೆ ನಡೆಯುತ್ತಿದ್ದ ಕೂಲಿಮಠಗಳ ಮಾತು ಬಂದರೆ ವಿದ್ಯಾವಂತರೆನಿಸಿಕೊಂಡವರು ಮುಗುಳ್ನಗುವುದು ವಾಡಿಕೆಯಾಗಿದೆ. ಜಗಲಿಯ ಮೇಲೆ ಮರಳು ಹರವಿ ಬೆರಳಿನಿಂದ ಅಕ್ಷರ ತಿದ್ದುವುದು, ಹಿರಿಯ ಹುಡುಗನು ಕಿರಿಯರಿಗೆ ಮಗ್ಗಿ ಹೇಳಿಕೊಡುವುದು, ಇವೆಲ್ಲ ಒರಟು ಪದ್ಧತಿಗಳೆಂದೂ, ಸುಧಾರಿಸಿದ ಬೋಧನಕ್ರಮಗಳು ಸಮುದ್ರದಾಚೆಯಿಂದಲೇ ಬಂದುವೆಂದೂ ಅವರ ಭಾವನೆ. ಅಂಥವರು ಡಾಕ್ಟರ್ ಆಂಡ್ರೂ ಬೆಲ್ಲರ ವೃತ್ತಾಂತವನ್ನು ಅರಿಯುವುದು ಯುಕ್ತವೆಂದು ನಮಗೆ ತೋರುತ್ತದೆ.

ಬೆಲ್ಲರು 1753ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಪಟ್ಟಣದಲ್ಲಿ ಕ್ಷೌರಿಕನೊಬ್ಬನ ಮಗನಾಗಿ ಜನಿಸಿದರು. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಓದಿ, ಅಮೆರಿಕದ ವರ್ಜಿನಿಯಾದಲ್ಲಿ ಕೆಲಕಾಲ ಮನೆಪಾಠ ಹೇಳಿ, ಹಿಂದಿರುಗಿ ಪಾದ್ರಿಗಳಾದರು. 1787ರಲ್ಲಿ ಮದರಾಸಿಗೆ ಬಂದಿಳಿದು ಸೈನ್ಯದ ಹಲವು ಪಾದ್ರಿ ಉದ್ಯೋಗಗಳನ್ನು ಏಕಕಾಲದಲ್ಲಿ ಸಂಪಾದಿಸಿಕೊಂಡರು. ದ್ರವ್ಯಾರ್ಜನೆಯಲ್ಲಿ ಅವರು ಎಂದೂ ಹಿಂದೆ ಬಿದ್ದವರಲ್ಲ. ಆದರೆ 1789ರಲ್ಲಿ ಎಗ್ಮೋರಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಣೆಯನ್ನು ವಹಿಸಿದಾಗ ಸಂಬಳ ಬೇಡವೆಂದರೆಂಬುದನ್ನೂ ಹೇಳಲೇಬೇಕು.

ಆ ಶಾಲೆಯ ಮಕ್ಕಳು ಬಹುಮಟ್ಟಿಗೆ ಗೋರಾ ಸಿಪಾಯಿಗಳಿಗೆ ದೇಶೀಯ ಸ್ತ್ರೀಯರಲ್ಲಿ ಹುಟ್ಟಿದವರು. ಒಂದು ಬೆಳಗ್ಗೆ ಬೆಲ್ಲರು ಕುದುರೆಯೇರಿ ಹೋಗುತ್ತಿರುವಾಗ, ಒಂದು ದೇಶೀಯ ಪಾಠಶಾಲೆಯಲ್ಲಿ ಮಕ್ಕಳು ನೆಲದ ಮೇಲೆ ಕುಳಿತು ಮರಳಿನಲ್ಲಿ ಬೆರಳಾಡಿಸಿ ಬರೆಯುತ್ತಿದ್ದುದನ್ನು ಕಂಡರು. ತಮ್ಮ ಶಾಲೆಯಲ್ಲಿಯೂ ಹಾಗೆಯೇ ಕಲಿಸಬೇಕೆಂದು ಆಜ್ಞಾಪಿಸಿದರು. ಕೆಳತರಗತಿಯ ಉಪಾಧ್ಯಾಯನು ಅದು ಅಸಾಧ್ಯವೆಂದನು. ಬೆಲ್ಲರು ಸಿಪಾಯಿಯೊಬ್ಬನ ಮಗನಾದ ಜಾನ್ ಫ್ರಿಸ್ಕನ್ ಎಂಬ ಎಂಟು ವರ್ಷದ ಬಾಲಕನನ್ನೇ ಆ ತರಗತಿಗೆ ಗುರುವನ್ನಾಗಿ ನೇಮಿಸಿದರು. ದೊಡ್ಡವನಿಂದ ಆಗದ ಕೆಲಸ ಹುಡುಗನಿಂದ ಆಯಿತು. ಕ್ರಮೇಣ ಇಡೀ ಶಾಲೆಯಲ್ಲಿ ಹುಡುಗರಿಂದ ಹುಡುಗರಿಗೇ ಪಾಠವು ನಡೆಯುವಂತೆ ಏರ್ಪಟ್ಟಿತು.

1796ರಲ್ಲಿ ಸ್ವದೇಶಕ್ಕೆ ತೆರಳಿದ ಬೆಲ್ಲರು ಮರುವರ್ಷವೇ ಈ ಪ್ರಯೋಗವನ್ನು ಕುರಿತು ಲಂಡನ್ನಿನಲ್ಲಿ ಪುಸ್ತಕವನ್ನು ಅಚ್ಚುಹಾಕಿಸಿದರು. ಬಡಮಕ್ಕಳಿಗೆ ಅಲ್ಪವೆಚ್ಚದಲ್ಲಿ ಓದು ಕಲಿಸುವ ಉಪಾಯವನ್ನು ಹುಡುಕುತ್ತಿದ್ದ ಆ ದೇಶಕ್ಕೆ ಇದು ವರವಾಯಿತು. ಜೋಸೆಫ್ ಲ್ಯಾಂಕಾಸ್ಟರ್ ಎಂಬವರು ಇಂಥದೇ ಕ್ರಮವನ್ನು ಲಂಡನ್ನಿನಲ್ಲಿ ನಡೆಸಿ, 1824ರಲ್ಲಿ ದಕ್ಷಿಣ ಅಮೆರಿಕದ ಕರಾಕಸ್ ನಗರದವರೆಗೂ ಒಯ್ದರು. ಮೊದಲು ಕಂಡುಹಿಡಿದವರು ಯಾರೆಂದು ಇಬ್ಬರ ಪಕ್ಷದವರೂ ವರ್ಷಗಟ್ಟಲೆ ಕಾದಾಡಿದರು. ಈ ವ್ಯಾಜ್ಯದಲ್ಲಿ ನಮ್ಮ ಜಗಲಿಯ ಅಯ್ಯನವರನ್ನು ಸಾಕ್ಷಿಗೆ ಕರೆಯುವವರಿರಲಿಲ್ಲ!

ಮರಳು ಎಲ್ಲಿಯದೆಂಬುದನ್ನು ಬೆಲ್ಲರು ಮರೆಮಾಡಲಿಲ್ಲ. ಹುಡುಗರಿಂದ ಕಲಿಸುವ ಉಪಾಯವನ್ನು ಮಾತ್ರ ತಮ್ಮದೆಂದೇ ಸಾಧಿಸಿದರು. ಆದರೆ 1623ರಲ್ಲಿಯೇ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆಯು ಇಕ್ಕೇರಿಯ ವೆಂಕಟಪ್ಪನಾಯಕರ ಆಸ್ಥಾನಕ್ಕೆ ಹೋಗುವ ದಾರಿಯಲ್ಲಿ, ದೇವಸ್ಥಾನದ ಮುಖಮಂಟಪದಲ್ಲಿ ಬಾಲಕರು ಗುರುವಿಲ್ಲದೆ ತಾವು ತಾವೇ ರಾಗವಾಗಿ ಹೇಳಿಕೊಳ್ಳುತ್ತ ಮರಳಿನ ಮೇಲೆ ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ಬರೆದಿಟ್ಟಿದ್ದನು.

ಬೆಲ್ಲರ ಕೀರ್ತಿಯು ಉಚ್ಛ್ರಾಯದಲ್ಲಿದ್ದ 1823ರಲ್ಲಿ, ಗವರ್ನರ್ ಮನ್ರೋ ಅವರ ಆಜ್ಞೆಯಂತೆ ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ಲರು ತಮ್ಮ ಜಿಲ್ಲೆಯ ಪಾಠಶಾಲೆಗಳ ವರದಿಯನ್ನು ಕಳುಹಿಸಿದರು. ಪಾವಗಡ, ಮಧುಗಿರಿ, ಶಿರಾಗಳಿಗೆ ನೆರೆಯಾದ ಮಡಕಶಿರಾ ಆಗ ಆ ಜಿಲ್ಲೆಗೇ ಸೇರಿದ್ದುದರಿಂದ ಈ ವರದಿಯು ನಮಗೆ ದೂರದ್ದಲ್ಲ. ಒಟ್ಟು 533 ಶಾಲೆಗಳು, ಅವುಗಳಲ್ಲಿ ಕನ್ನಡದವು 235, ವಿದ್ಯಾರ್ಥಿಗಳು 6,641. ಹಿರಿಯ ಹುಡುಗರಿಂದ ಕಿರಿಯರಿಗೆ ಕಲಿಸುವ ಕ್ರಮವನ್ನು ಶ್ಲಾಘಿಸಿ, ಇಂಗ್ಲೆಂಡು ಇದನ್ನು ಅನುಕರಿಸಿದುದು ಯೋಗ್ಯವೇ ಎಂದು ಕ್ಯಾಂಬೆಲ್ಲರು ಒಪ್ಪಿಕೊಂಡರು. ಅರ್ಥ ತಿಳಿಯದೆ ಬಾಯಿಪಾಠ ಮಾಡಿಸುವ ದೋಷವನ್ನೂ ಎತ್ತಿ ತೋರಿಸಿದರು, ಅದು ಸತ್ಯವೇ. ಹೆಣ್ಣುಮಕ್ಕಳು ಕೇವಲ 60 ಮಂದಿ ಇದ್ದರೆಂಬುದೂ ನಮಗೆ ಗೌರವ ತರುವ ಸಂಗತಿಯಲ್ಲ. ಆದರೆ ಸೀಮೆಯ ಬಟ್ಟೆಯಿಂದ ನೇಕಾರರು ಕೆಟ್ಟು, ದೇಶವು ಬಡವಾಗಿ, ಹಿಂದೆ ಶಾಲೆಗಳಿದ್ದ ಎಷ್ಟೋ ಗ್ರಾಮಗಳಲ್ಲಿ ಈಗ ಶಾಲೆಯೇ ಇಲ್ಲವೆಂದು ಆ ಅಧಿಕಾರಿಯೇ ಬರೆದರು. ಪದ್ಧತಿಯು ಅಲ್ಲಿ ಬೆಳೆಯುತ್ತಿದ್ದಾಗ ಇಲ್ಲಿ ಅದರ ತವರುಮನೆಯ ದೀಪವು ಆರುತ್ತಿದ್ದಿತು.

ಬೆಲ್ಲರು ಸ್ವಭಾವದಲ್ಲಿ ಹಟವಾದಿಗಳು. 1816ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ ಪ್ರಖ್ಯಾತ ಗುರು ಪೆಸ್ಟಲೋಜಿಯನ್ನು ನೋಡಿದರೂ ಆ ಮಹನೀಯನ ಕ್ರಮವು ಬಹುಕಾಲ ಬಾಳದೆಂದೇ ಎಣಿಸಿದರು. ಬಾಳದೆ ಹೋದದ್ದು ಬೆಲ್ಲರದೇ. ಅವರು 1832ರ ಜನವರಿ 27ರಂದು ತೀರಿಕೊಂಡಾಗ ಮಾತ್ರ ಬ್ರಿಟನ್ನಿನಲ್ಲಿಯೂ ಅದರ ವಸಾಹತುಗಳಲ್ಲಿಯೂ ಈ ಕ್ರಮದ ಶಾಲೆಗಳು ಸುಮಾರು 12,000 ಇದ್ದುವು. ದೇಹವನ್ನು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿ ಮಾಡಿದರು. ಅವರ ಧನದಿಂದ ಸೇಂಟ್ ಆಂಡ್ರೂಸಿನಲ್ಲಿ ಸ್ಥಾಪಿತವಾದ ಶಾಲೆಗೆ ಮದರಾಸ್ ಕಾಲೇಜೆಂದು ಹೆಸರಿಡಲಾಯಿತು. ಮದರಾಸು ಚೆನ್ನೈ ಆದ ಮೇಲೆಯೂ ಅಲ್ಲಿ ಆ ಹೆಸರೇ ನಡೆಯುತ್ತಿದೆ.