ಸಮುವೇಲ್ ಹೆಬಿಕ್ ಅಯ್ಯನವರೂ ಉತ್ಸವದ ವಾರವೂ

ಬಾಸೆಲ್ ಮಿಶನಿನಿಂದ ನಮ್ಮ ಕರಾವಳಿಗೆ ಮೊದಲು ಬಂದ ಮೂವರು ಬೋಧಕರಲ್ಲಿ ಸಮುವೇಲ್ ಹೆಬಿಕ್ ಅಯ್ಯನವರು ಒಬ್ಬರು. ಅವರ ಹೆಸರನ್ನು ನಮ್ಮ ಹಿರಿಯರ ಬಾಯಿಂದ ಕೇಳಿದವರು ಅನೇಕರಿದ್ದಾರೆ. ಅವರು ಪಟ್ಟ ಶ್ರಮವನ್ನು ಬಲ್ಲವರು ಸ್ವಲ್ಪ ಜನ. ಆದುದರಿಂದ ಅವರ ಚರಿತ್ರೆಯನ್ನು, ವಿಶೇಷವಾಗಿ ಉತ್ಸವಗಳಲ್ಲಿ ಅವರು ಮಾಡಿದ ಸೇವೆಯನ್ನು, ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಅಯ್ಯನವರು 1803ನೆಯ ಇಸವಿ ಎಪ್ರಿಲ್ 29ರಲ್ಲಿ ಜರ್ಮನಿ ದೇಶದ ಉಲ್ಮ್ ಪಟ್ಟಣದ ಬಳಿಯ ನೆಲ್ಲಿಂಗೆನ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆಯು ಸಭಾಪಾಲಕನು. ಮಗನು ಲ್ಯೂಬೆಕ್ ಪಟ್ಟಣಕ್ಕೆ ಹೋಗಿ ವ್ಯಾಪಾರವನ್ನು ಕಲಿತನು. ಅಲ್ಲಿ 1821ರಲ್ಲಿ ಆತನ ಮನಸ್ಸು ಕರ್ತನ ಕಡೆಗೆ ತಿರುಗಿತು. ಆದರೂ ಹತ್ತು ವರುಷ ವ್ಯಾಪಾರದಲ್ಲಿಯೇ ಇದ್ದು, ಉತ್ತರ ದೇಶಗಳಲ್ಲಿ ಸಂಚರಿಸಿ, 1831ರಲ್ಲಿ ಬಾಸೆಲ್ ಪಟ್ಟಣದ ಮಿಶನ್ ಶಾಲೆಯನ್ನು ಸೇರಿದನು.

1833ರ ಕಾಯಿದೆಯಿಂದ ಇತರ ದೇಶಗಳ ಬೋಧಕರಿಗೂ ಕುಂಪಣಿಯ ಸೀಮೆಯ ಬಾಗಿಲು ತೆರೆಯಿತು. ಮರುವರುಷ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರೂ ಹಡಗು ಹತ್ತಿ, ಕಲ್ಲಿಕೋಟೆಯಲ್ಲಿ ಇಳಿದು, 1834ನೆಯ ಅಕ್ಟೋಬರ್ 30ರಂದು ಮಂಗಳೂರಿಗೆ ಮುಟ್ಟಿದರು. ಹೀಗೆ ಅಯ್ಯನವರು ಈ ದೇಶದ ಭಾಷೆಗಳಲ್ಲಿ ಮೊದಲು ಕೈಹಾಕಿದ್ದು ನಮ್ಮ ಕನ್ನಡಕ್ಕೇ. 1841ರಲ್ಲಿ ಅವರು ಕಣ್ಣಾನೂರಿಗೆ ಹೋಗಿ ಸುಮಾರು ಹದಿನೆಂಟು ವರುಷ ಅಲ್ಲಿಯೇ ಇದ್ದರು.

ಭಾಷೆಯ ವರವು ಅವರಿಗಿರಲಿಲ್ಲ. ಮಲಯಾಳವು ಅವರ ನಾಲಿಗೆಗೆ ಒಗ್ಗಲೇ ಇಲ್ಲ. ಕಡೆಯ ವರೆಗೂ ದುಭಾಷಿಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪ್ರಸಂಗಿಸಿದರು. ಕೊಚ್ಚಿಯ ರಾಜವಂಶದಲ್ಲಿ ಹುಟ್ಟಿ ಕ್ರಿಸ್ತನನ್ನು ಅನುಸರಿಸಿದ ಯಾಕೋಬ ರಾಮವರ್ಮನು ಅವರ ಜೊತೆಕೆಲಸದವರಲ್ಲಿ ಒಬ್ಬನಾಗಿದ್ದನು. ಉದ್ದವಾದ ಗಡ್ಡ, ದೊಡ್ಡ ಕೊಡೆ, ಗಟ್ಟಿಯಾದ ಸ್ವರ, ಇವುಗಳಿಂದ ಅಯ್ಯನವರನ್ನು ದೂರದಿಂದಲೇ ಗುರುತಿಸುತ್ತಿದ್ದರು. ದಂಡಿನ ಇಂಗ್ಲಿಷ್ ಸರದಾರರ ಮನೆಗಳಿಗೂ ಅವರು ಅಂಜದೆ ಹೋಗಿ ದೇವರ ವಾಕ್ಯವನ್ನು ಸಾರಿದರು. ಅದನ್ನು ಕೇಳಿ ತಿರುಗಿಕೊಂಡವರು ಹೆಚ್ಚಿದ್ದರಿಂದ, ದಂಡಿನ 39ನೆಯ ಪಟಾಲಮಿಗೆ ಹೆಬಿಕರ ಸ್ವಂತ ಪಟಾಲಮೆಂಬ ಅಡ್ಡಹೆಸರು ಬಿತ್ತು.

ಈಗ ಉತ್ಸವಗಳ ಮಾತು. ಕಣ್ಣಾನೂರಿನ ಸುತ್ತಣ ತಳಿಪರಂಬ, ಚೆರುಕುನ್ನು, ಪಯ್ಯಾವೂರು ಎಂಬ ಮೂರು ಊರುಗಳ ಉತ್ಸವಗಳು ಹೆಸರುವಾಸಿ. ತಳಿಪರಂಬದ ತ್ರಿಚಂಬರದ ಉತ್ಸವವು ಹದಿನಾಲ್ಕು ದಿನ ನಡೆಯುತ್ತದೆ. ಚೆರುಕುನ್ನಿನಲ್ಲಿ ಅನ್ನಪೂರ್ಣೇಶ್ವರಿಯ ಗುಡಿಯಿದೆ. ಪಯ್ಯಾವೂರಿನ ಊಟದ ಉತ್ಸವಕ್ಕೆ ಕೊಡಗಿನವರು ಎತ್ತುಗಳ ಮೇಲೆ ಅಕ್ಕಿಯನ್ನು ಹೇರಿಕೊಂಡು ಘಟ್ಟವಿಳಿದು ಬರುವದು ಹಳೆಯ ವಾಡಿಕೆ. ಇಷ್ಟು ಜನರು ಬೇರೆಲ್ಲಿ ಕೂಡುವರೆಂದು ಅಯ್ಯನವರು ತಮ್ಮ ಉಪದೇಶಿಗಳನ್ನು ಕರಕೊಂಡು ವರುಷ ವರುಷವೂ ಅಲ್ಲಿಗೆ ಹೋಗುತ್ತಿದ್ದರು.

ಅಂಥ ವಾರವು ಸುಲಭವಾಗಿರಲಿಲ್ಲ. ಚೆಂಡೆಯ ಶಬ್ದ, ಆನೆಗಳ ಮೆರವಣಿಗೆ, ಬಿಸಿಲು, ಧೂಳು, ಸಾವಿರಾರು ಜನರ ಗದ್ದಲ, ಇವುಗಳ ನಡುವೆ ನಿಂತು ಮಾತಾಡಬೇಕು. ಅಯ್ಯನವರು ಒಂದು ಮಾತು ಹೇಳಿದರೆ ದುಭಾಷಿಯು ಅದನ್ನು ಮಲಯಾಳದಲ್ಲಿ ಹೇಳಬೇಕು. ಅಷ್ಟರೊಳಗೆ ಕೂಗಾಟವು ಏಳುವದು. ಮಣ್ಣು, ಸಗಣಿ, ಕಲ್ಲುಗಳು ಅವರ ಮೇಲೆ ಬಿದ್ದವು. ಊರವನಾದ ಉಪದೇಶಿಯ ಪಾಡು ಇನ್ನೂ ಕಠಿಣ. ಅವನನ್ನು ಬೈಯುವವರಲ್ಲಿ ಅವನ ಬಂಧುಗಳೂ ಇರಬಹುದಷ್ಟೆ. ಆದರೂ ಅವರು ಆ ಕೆಲಸವನ್ನು ಬಿಡಲಿಲ್ಲ. ಮುಂದಿನ ವರುಷ ಉತ್ಸವಕ್ಕೆ ಜನರು ಕೂಡುವಾಗ ಅದೇ ಕೊಡೆಯು ತಿರಿಗಿ ಕಾಣಿಸಿತು.

ಇಲ್ಲಿ ನಾವು ಒಂದನ್ನು ವಿಚಾರಿಸಬೇಕು. ಅಯ್ಯನವರ ಮಾತು ಬಹು ಕಠಿಣವಾಗಿತ್ತು. ಭಕ್ತಿಯಿಂದ ಕೂಡಿದ್ದ ಜನರ ನಡುವೆ ನಿಂತು ಅವರು ಪೂಜಿಸುವದನ್ನೇ ಜರೆದರೆ ಅವರಿಗೆ ನೋವಾಗದೆ ಇದ್ದೀತೇ? ಬಿದ್ದ ಕಲ್ಲುಗಳಲ್ಲಿ ಕೆಲವು ಸುವಾರ್ತೆಯ ನಿಮಿತ್ತ ಬಿದ್ದವು, ಕೆಲವು ಮಾತಿನ ಬಿರುಸಿನ ನಿಮಿತ್ತ ಬಿದ್ದವೆಂದು ನಮಗೆ ತೋರುತ್ತದೆ. ಅವರ ಬಿರುಸನ್ನು ನಾವು ಅನುಸರಿಸಬೇಕಾಗಿಲ್ಲ. ಅವರ ತಾಳ್ಮೆಯನ್ನೂ ಜನರ ಮೇಲಿನ ಪ್ರೀತಿಯನ್ನೂ ಬಿಡಲಾಗದು. ಹೊಡೆದವರ ಊರಿಗೆ ದ್ವೇಷವಿಲ್ಲದೆ ಮರಳಿ ಹೋಗುವದು ಮನುಷ್ಯನ ಸ್ವಂತ ಬಲದಿಂದ ಆಗುವ ಕೆಲಸವಲ್ಲ.

ದೇಹವು ಕುಗ್ಗಿದ್ದರಿಂದ ಅಯ್ಯನವರು 1859ರಲ್ಲಿ ಈ ದೇಶವನ್ನು ಬಿಟ್ಟರು. ಅವರು ಮದುವೆಯಾಗಿರಲಿಲ್ಲ, ಸಭೆಯೇ ಅವರ ಮನೆವಾರ್ತೆ. ಜರ್ಮನಿ, ಸ್ವಿಟ್ಜರ್ಲೆಂಡ್ ದೇಶಗಳಲ್ಲಿಯೂ ಸುಮ್ಮನಿರದೆ ಪ್ರಸಂಗಿಸುತ್ತಿದ್ದು, 1868ನೆಯ ಮೇ 21ರಂದು ಸ್ಟುಟ್‌ಗಾರ್ಟ್ ಪಟ್ಟಣದಲ್ಲಿ ಕರ್ತನಲ್ಲಿ ನಿದ್ರೆಹೋದರು. ಕೋರ್ನ್‌ಟಾಲಿನಲ್ಲಿ ಅವರ ಸಮಾಧಿಯಿದೆ.

ಪ್ರಿಯ ವಾಚಕರೇ, ಹೆಬಳೆ, ಶಿರಾಲಿ, ಭಟ್ಕಳದ ಕಡೆ ರಥೋತ್ಸವಗಳು ಬರುವಾಗ ನೆರೆಮನೆಗಳು ನೆಂಟರಿಂದ ತುಂಬುತ್ತವೆ, ಕೆಲಸಗಳು ನಿಲ್ಲುತ್ತವೆ, ರಾತ್ರಿಯೆಲ್ಲಾ ವಾದ್ಯಗಳು ಕೇಳುತ್ತವೆ. ಒಂದೆರಡೇ ಮನೆಯ ಕ್ರೈಸ್ತರಿರುವ ಊರಲ್ಲಿ ಆ ದಿನಗಳಲ್ಲಿ ಬಾಗಿಲು ಮುಚ್ಚಿ ಕೂಡ್ರಬೇಕೆಂದು ಮನಸ್ಸು ಹೇಳುತ್ತದೆ. ನೆರೆಯವರನ್ನು ಹಗುರವಾಗಿ ಮಾತಾಡುವ ಶೋಧನೆಯೂ ಬರುತ್ತದೆ. ಎರಡೂ ಬೇಡ. ಬಾಗಿಲು ತೆರೆದಿರಲಿ; ಬಿಸಿಲಲ್ಲಿ ಬಂದವರಿಗೆ ನೀರು ಕೊಡೋಣ; ಮನೆಪ್ರಾರ್ಥನೆಯನ್ನು ತಪ್ಪಿಸದಿರೋಣ; ಯಾರಾದರೂ ನಮ್ಮ ನಿರೀಕ್ಷೆಯ ಕಾರಣವನ್ನು ಕೇಳಿದರೆ ಶಾಂತವಾಗಿ ಹೇಳೋಣ. ನಾಲಿಗೆ ಚುರುಕಿಲ್ಲವೆಂದು ಯಾರೂ ಹಿಂಜರಿಯಬಾರದು. ದುಭಾಷಿಯ ಬಾಯಿಂದ ಮಾತಾಡಿದವರನ್ನು ಕರ್ತನು ಹೇಗೆ ಉಪಯೋಗಿಸಿಕೊಂಡನೆಂದು ಈಗ ಬಲ್ಲೆವಲ್ಲಾ. ಅದೇ ಕರ್ತನು ನಮ್ಮ ಚಿಕ್ಕ ಸಭೆಗಳಿಗೂ ಧೈರ್ಯವನ್ನೂ ಸೌಮ್ಯ ಮನಸ್ಸನ್ನೂ ದಯಪಾಲಿಸಲಿ.