ಲಂಡನ್ನಿನ ಇರುಳ ಪಥಿಕ

ಲಂಡನ್ ನಗರವನ್ನು ನಾನು ಕಣ್ಣಾರೆ ಕಂಡವನಲ್ಲ. ಆದರೂ ಅದರ ಕೆಲವು ಬೀದಿಗಳು ನನಗೆ ನಮ್ಮೂರ ಪೇಟೆಯಷ್ಟೇ ಪರಿಚಿತ. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಅಲ್ಲಿ ನನ್ನನ್ನು ಕೈಹಿಡಿದು ನಡೆಸಿದ್ದಾನೆ. ಪ್ರವಾಸಿ ನಗರವನ್ನು ಅದರ ಗೋಪುರಗಳಿಂದ ಗುರುತಿಸುತ್ತಾನೆ. ಡಿಕನ್ಸನಾದರೋ ಅದನ್ನು ಮೊದಲು ಹಸಿವಿನಿಂದ ಅರಿತ, ಬಳಿಕ ನಿದ್ರಾಹೀನತೆಯಿಂದ.

ಅವನು ಹುಟ್ಟಿದ್ದು 1812ರಲ್ಲಿ, ಪೋರ್ಟ್ಸ್‌ಮತ್ ಬಂದರಿನಲ್ಲಿ. 1824ರಲ್ಲಿ, ಸಾಲ ತೀರಿಸಲಾರದ ತಂದೆ ಲಂಡನ್ನಿನ ಮಾರ್ಷಲ್‌ಸೀ ಸೆರೆಮನೆ ಸೇರಿದ. ಹನ್ನೆರಡರ ಬಾಲಕ ಥೇಮ್ಸ್ ದಡದ ಕಾರ್ಖಾನೆಯಲ್ಲಿ ಬೂಟಿನ ಮಸಿಯ ಕುಡಿಕೆಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ನಿಂತ. ವಾರದ ಕೂಲಿ ಆರೇಳು ಷಿಲಿಂಗು. ದಾರಿಯ ಅಂಗಡಿಗಳಲ್ಲಿ ಅರ್ಧಬೆಲೆಗೆ ಸಿಗುತ್ತಿದ್ದ ಹಳಸಲು ತಿಂಡಿಯ ಆಸೆಗೆ ಸೋತು, ಊಟದ ಕಾಸನ್ನು ಬೆಳಗ್ಗೆಯೇ ಕಳೆದುಕೊಳ್ಳುತ್ತಿದ್ದ. ಕಿಸೆ ಬರಿದಾದ ದಿನ ಕಾವೆಂಟ್ ಗಾರ್ಡನ್ ಮಾರುಕಟ್ಟೆಗೆ ಹೋಗಿ, ಅಲ್ಲಿಯ ಅನಾನಸು ಹಣ್ಣುಗಳನ್ನು ದಿಟ್ಟಿಸುತ್ತ ನಿಲ್ಲುತ್ತಿದ್ದ. ಒಮ್ಮೆ ಮನೆಯ ರೊಟ್ಟಿಯನ್ನು ಕಂಕುಳಲ್ಲಿ ಇರುಕಿಕೊಂಡು, ಡ್ರೂರಿ ಲೇನಿನ ಬಳಿಯ ಹೆಸರಾಂತ ಭೋಜನಶಾಲೆಯನ್ನು ಹೊಕ್ಕು, ದೊಡ್ಡವರಂತೆ ಮಾಂಸದಡುಗೆ ತರಿಸಿದ. ಪರಿಚಾರಕ ಬೆರಗಾಗಿ ಸಂಗಡಿಗನನ್ನೂ ಕರೆತಂದು ತೋರಿಸಿದ. ಬಾಲಕ ಅವನಿಗೆ ಅರ್ಧ ಪೆನ್ನಿ ಇನಾಮು ಕೊಟ್ಟ. ಅವನದನ್ನು ತೆಗೆದುಕೊಳ್ಳಬಾರದಿತ್ತೆಂಬ ಕೊರಗು ದೊಡ್ಡವನಾದ ಮೇಲೂ ಡಿಕನ್ಸನಿಗೆ ಉಳಿದಿತ್ತು.

ತಿಂಗಳುಗಳಲ್ಲಿ ತಂದೆಗೆ ಬಿಡುಗಡೆಯಾಯಿತು, ಮಗ ಮತ್ತೆ ಶಾಲೆಗೆ ಹೋದ. ಇಪ್ಪತ್ತೈದು ತುಂಬುವ ವೇಳೆಗೆ ನಾಡೆಲ್ಲ ಅವನ ಬರಹಕ್ಕೆ ಕಾಯತೊಡಗಿತ್ತು. ಮುಂದೊಂದು ಕಾಲದಲ್ಲಿ ನಿದ್ದೆ ಅವನನ್ನು ತೊರೆಯಿತು. ನಡುರಾತ್ರಿ ಎದ್ದು ಹೊರಟು ಸೂರ್ಯೋದಯದವರೆಗೆ ಬೀದಿ ಅಲೆಯುತ್ತಿದ್ದ. ಆ ಅಲೆದಾಟವನ್ನು 1860ರಲ್ಲಿ ಪ್ರಬಂಧವಾಗಿ ಬರೆದ. ಬಾಗಿಲು ಮುಚ್ಚುವ ಪಾನಗೃಹಗಳು, ಹೊರದಬ್ಬಿಸಿಕೊಂಡ ಕುಡುಕರು, ವಾಟರ್ಲೂ ಸೇತುವೆಯಲ್ಲಿ ಎಚ್ಚರವಾಗಿರುವ ಸುಂಕದವನು, ಜನವಿಲ್ಲದ ನಾಟಕಶಾಲೆ, ನ್ಯೂಗೇಟ್ ಸೆರೆಮನೆಯ ಗೋಡೆ, ಎಲ್ಲವೂ ಅಲ್ಲಿವೆ. ಮುಂಜಾನೆ ಬಿಸಿ ಕಾಫಿ, ಸುಟ್ಟ ರೊಟ್ಟಿಗಾಗಿ ಅವನು ಸೇರುತ್ತಿದ್ದುದು ಅದೇ ಕಾವೆಂಟ್ ಗಾರ್ಡನ್.

ಅಲ್ಲಿ ಬುಟ್ಟಿಗಳಲ್ಲಿ ಮಲಗಿ, ಎಸೆದ ಕಸಕ್ಕೆ ಕಚ್ಚಾಡುವ ಮಕ್ಕಳನ್ನು ಕಂಡ. ಲಂಡನ್ನಿನ ಇರುಳು ತೋರುವ ಅತಿ ಘೋರ ದೃಶ್ಯಗಳಲ್ಲಿ ಅದನ್ನೂ ಎಣಿಸಿದ. ಆದರೆ ಒಂದು ಕಾಲಕ್ಕೆ ತಾನೂ ಅಲ್ಲಿ ಹಸಿದು ನಿಂತವನೆಂದು ಆ ಪ್ರಬಂಧದಲ್ಲಿ ಹೇಳಲಿಲ್ಲ. ಸ್ವಂತ ಮಕ್ಕಳಿಗೂ ಆ ಕಥೆ ತಿಳಿಯದು. 1870ರಲ್ಲಿ ಅವನು ತೀರಿಕೊಂಡ ಬಳಿಕ, ಮಿತ್ರ ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದಲೇ ಲೋಕಕ್ಕೆ ಅದು ಗೊತ್ತಾದದ್ದು.

ಆ ಸಗಟು ಮಾರುಕಟ್ಟೆ 1974ರಲ್ಲಿ ಬೇರೆಡೆಗೆ ಹೋಯಿತು. ಹಳೆಯ ಕಟ್ಟಡದಲ್ಲೀಗ ಪ್ರವಾಸಿಗರು ಕಾಫಿ ಕುಡಿಯುತ್ತಾರೆ. ಎಂದಾದರೂ ನಾನಲ್ಲಿಗೆ ಹೋದರೆ, ಗೋಪುರಗಳಿಗೆ ಮೊದಲು, ಅನಾನಸು ನೋಡುತ್ತ ನಿಂತಿದ್ದ ಆ ಹುಡುಗನ ಜಾಗವನ್ನು ಹುಡುಕಿಯೇನು.